ಹೊಟ್ಟೆಯ ಚೆಕ್ಕುಬಂದಿ

ಕೆಲವರಿಗೆ ಹೋದ ಕಡೆಯೆಲ್ಲ ನೆಂಟರು ಸಿಗುತ್ತಾರೆ. ನನಗೆ ಹೋದ ಕಡೆಯೆಲ್ಲ ನಗೆಪಾಟಲು ಸಿಗುತ್ತದೆ. ನಾನು ಸುಮ್ಮನೆ ಕೂತಿದ್ದರೂ ಅದು ವಿಳಾಸ ಕೇಳಿಕೊಂಡು ಬರುತ್ತದೆ.

ಹೊಳೆನರಸೀಪುರದ ನೋಂದಣಿ ಕಚೇರಿ ಎದುರು ಇಪ್ಪತ್ತೆಂಟು ವರ್ಷದಿಂದ ಪತ್ರ ಬರೆಯುವ ಕೆಲಸ ನನ್ನದು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು. ಕುರ್ಚಿ ಬಿಟ್ಟು ಏಳದ ಕಸುಬು. ಹೀಗೆ ಕೂತು ಕೂತು, ಪಾರ್ಟಿಗಳಿಂದ ರುಜು ಹಾಕಿಸುವಾಗ ಮೇಜಿಗೂ ನನಗೂ ನಡುವೆ ಹೊಟ್ಟೆಯೇ ಇನ್ನೊಬ್ಬ ಪಾರ್ಟಿಯ ಹಾಗೆ ಬಂದು ಕೂರುತ್ತಿತ್ತು. ಈ ವರ್ಷ ಅದನ್ನು ಗೆದ್ದೆ. ಗೆದ್ದವನು ಜಂಬದಿಂದ ಹೇಳುತ್ತಿದ್ದೇನೆ ಅಂದುಕೊಳ್ಳಿ, ಬೇಜಾರಿಲ್ಲ. ಆದರೆ ಮಾನ ಹೋದ ಜಾಗಗಳನ್ನೂ ಮುಚ್ಚಿಡುವುದಿಲ್ಲ.

ಗಡುವು

ಹಾಸನದ ಡಾಕ್ಟರು ರಕ್ತದ ರಿಪೋರ್ಟು ನೋಡಿ, “ಸಕ್ಕರೆ ಗಡಿಗೆ ಬಂದು ನಿಂತಿದೆ” ಎಂದರು.

ಗಡಿ ತಕರಾರು ನಮ್ಮ ಕಸುಬಿನ ಮಾತು. “ಒತ್ತುವರಿ ಆಗೋಗಿದೆಯಾ, ಇಲ್ಲ ಇನ್ನೂ ಈಚೆಗೇ ಇದೆಯಾ ಡಾಕ್ಟ್ರೇ?” ಎಂದೆ.

“ಒಂದು ಕಾಲು ಒಳಗಿಟ್ಟಿದೆ. ಮೂರು ತಿಂಗಳು ಟೈಮ್ ಕೊಡ್ತೀನಿ, ಹೊಟ್ಟೆ ಇಳಿಸಿ. ಇಳೀಲಿಲ್ಲ ಅಂದ್ರೆ ಮಾತ್ರೆ. ಅದಕ್ಕೂ ಬಗ್ಗದಿದ್ರೆ ಇಂಜೆಕ್ಷನ್.”

ನಮ್ಮಪ್ಪ ಕೊನೆಯ ಏಳು ವರ್ಷ ಬೆಳಿಗ್ಗೆ ಸಂಜೆ ಸೂಜಿ ಚುಚ್ಚಿಸಿಕೊಂಡೇ ಬದುಕಿದ. ಚುಚ್ಚುತ್ತಿದ್ದವನು ನಾನೇ. ಸೂಜಿ ಹಿಡಿದು ಹತ್ತಿರ ಹೋದಾಗ ಅವನು ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದ. ಅವತ್ತು ಡಾಕ್ಟರ ಎದುರು ಕೂತಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಏನಾದರೂ ಆಗಲಿ, ಆ ಸೂಜಿ ಮಾತ್ರ ಬೇಡ ಎಂದುಕೊಂಡೆ.

ಡಾಕ್ಟರು ಒಂದು ಚೀಟಿ ಬರೆದರು. ಮೊಳಕೆ ಕಾಳು, ಹಸಿ ತರಕಾರಿ, ದಿನಾ ಒಂದು ಗಂಟೆ ನಡಿಗೆ, ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯುವುದು.

“ಮಧ್ಯದಲ್ಲಿ ಏನಾದ್ರೂ ತೊಂದರೆ ಆದ್ರೆ?”

“ಗಾಬರಿ ಬೇಡ. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ” ಎಂದು ಅವರು ಬೆಲ್ ಒತ್ತಿ ಮುಂದಿನವರನ್ನು ಕರೆದರು.

ನಮ್ಮ ಮನೆಯವಳು ಆ ಚೀಟಿಯನ್ನು ಕೋರ್ಟಿನ ಆದೇಶದ ಹಾಗೆ ಜಾರಿ ಮಾಡಿದಳು. ಮಾರನೇ ದಿನ ಬೆಳಿಗ್ಗೆ ಹೆಸರುಕಾಳಿನ ಮೊಳಕೆ, ಮಧ್ಯಾಹ್ನ ಅಲಸಂದೆ ಕಾಳು, ಸಂಜೆ ಹುರುಳಿ, ಜೊತೆಗೆ ಮೂರು ಹೊತ್ತೂ ಹಸಿ ಮೂಲಂಗಿ.

“ಒಂದೇ ದಿನಕ್ಕೆ ಇಷ್ಟೊಂದಾ?” ಎಂದೆ.

“ಮೂರು ತಿಂಗ್ಳು ಅಂದ್ರೆ ತೊಂಬತ್ತೇ ದಿನ ಕಣ್ರೀ. ನಿಧಾನಕ್ಕೆ ತಿನ್ನಕೆ ಟೈಮ್ ಎಲ್ಲೈತೆ?”

ನಾಲ್ಕನೇ ದಿನಕ್ಕೆ ಹೊಟ್ಟೆ ಇಳಿಯುವುದಿರಲಿ, ಬೆಲ್ಟು ಒಂದು ತೂತು ಹಿಂದಕ್ಕೆ ಹೋಯಿತು. ನನಗೆ ಅಳು ಬರುವುದೊಂದು ಬಾಕಿ. ಅವಳು ಬಂದು ಎರಡು ಬೆರಳಿನಲ್ಲಿ ಹೊಟ್ಟೆಯನ್ನು ತಟ್ಟಿ, ಕಿವಿಗೊಟ್ಟು ಕೇಳಿದಳು.

“ಇದು ಕೊಬ್ಬಲ್ಲ ಕಣ್ರೀ, ಬರೀ ಗಾಳಿ. ಗಾಳೀನ ತೂಕಕ್ಕೆ ಇಡ್ಕಬ್ಯಾಡಿ. ಮೂಲಂಗಿ ತಿನ್ನಿ.”

ನಾಲ್ಕು ದಿಕ್ಕಿನ ಗುಡುಗು

ಆ ವಾರದಲ್ಲೇ ಹೊಳೆ ಆಚೆಯ ಊರಿನ ಅಣ್ಣ ತಮ್ಮಂದಿರ ವಿಭಾಗಪತ್ರ ಬಂತು. ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅಣ್ಣ ನನ್ನ ಮೇಜಿನ ಈ ತುದಿಗೆ, ತಮ್ಮ ಆ ತುದಿಗೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಏನು ಹೇಳಬೇಕಾದರೂ ನನಗೆ ಹೇಳಬೇಕು, ನಾನು ಇನ್ನೊಬ್ಬನಿಗೆ ದಾಟಿಸಬೇಕು.

ರುಜು ಹಾಕುವ ಮುಂಚೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಪದ್ಧತಿ. ಅದರಲ್ಲೂ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ, ನಾವು ಚೆಕ್ಕುಬಂದಿ ಅನ್ನುತ್ತೇವಲ್ಲ, ಅದನ್ನು ನಿಧಾನವಾಗಿ ಓದಬೇಕು. ಜಗಳವೆಲ್ಲ ಹುಟ್ಟುವುದು ಅಲ್ಲೇ. ಅಕ್ಕಪಕ್ಕದವರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

“ಪೂರ್ವಕ್ಕೆ, ತಮ್ಮನ ಹಿಸ್ಸೆ...” ಎಂದೆ.

ಗುರ್ರ್ರ್ ಎಂದಿತು.

ನಾನು ಕೆಮ್ಮಿದೆ. “ಪಶ್ಚಿಮಕ್ಕೆ, ಗಾಡಿ ದಾರಿ...” ಈ ಸಲ ಇನ್ನೂ ಉದ್ದ, ಕೊನೆಗೆ ಒಂದು ತಿರುವು ಬೇರೆ.

ಅಣ್ಣನ ಮುಖ ಕೆಂಪಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ತಮ್ಮನ ಕಡೆ ತಿರುಗಿದ. “ಯಾಕ್ಲಾ, ಗಾಡಿ ದಾರಿ ಅಂದ್ರೆ ಗುರ್ ಅಂತೀಯಾ? ಅದು ಅಪ್ಪನ ಕಾಲದಿಂದ ಐತೆ ಕಣ್ಲಾ!”

“ನಾನ್ಯಾಕೆ ಗುರ್ ಅನ್ಲಣ್ಣ?” ತಮ್ಮ ಕಕ್ಕಾಬಿಕ್ಕಿಯಾದ. “ನೀನೇ ಅಂತ ನಾನು ಸುಮ್ಕಿದ್ದೆ.”

ಇಬ್ಬರೂ ಒಟ್ಟಿಗೆ ನನ್ನ ಹೊಟ್ಟೆ ನೋಡಿದರು. ಅದು ನನ್ನ ಅಪ್ಪಣೆ ಕೇಳದೆ ಉತ್ತರ, ದಕ್ಷಿಣ ಎರಡನ್ನೂ ಒಟ್ಟಿಗೆ ಓದಿ ಮುಗಿಸಿತು.

ಮೊದಲು ನಕ್ಕವನು ತಮ್ಮ. ಅಣ್ಣ ತಡೆಯಲು ನೋಡಿದ, ಆಗಲಿಲ್ಲ. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ನಕ್ಕರು. ರುಜು ಹಾಕಿ ಒಂದೇ ಬೈಕಿನಲ್ಲಿ ಟೀ ಕುಡಿಯಲು ಹೊರಟರು. ಅಣ್ಣ ಹತ್ತು ಹೆಜ್ಜೆ ಹೋದವನು ಬೈಕು ನಿಲ್ಲಿಸಿ ವಾಪಸು ಬಂದ.

“ಸಾ, ಊರ ಗೌಡ್ರು ನಾಲ್ಕು ವರ್ಷ ಪಂಚಾಯ್ತಿ ಮಾಡುದ್ರು, ಆಗ್ನಿಲ್ಲ. ಸಾಕ್ಷಿ ಜಾಗ್ದಲ್ಲಿ ನಿಮ್ ಹೊಟ್ಟೆ ಹೆಸ್ರೂ ಬರ್ಕೊಂಬುಡಿ.”

ಮುದ್ದೆ ಅಗಿದವನು

ಅರಕಲಗೂಡಿನಲ್ಲಿ ನನ್ನ ಹೆಂಡತಿಯ ಅಕ್ಕನ ಮಗನ ಮದುವೆಯಾಗಿ ಬೀಗರೂಟ ಇತ್ತು. ಬೀಗರೂಟ ಎಂದರೆ ಮುದ್ದೆ, ಮಟನ್ ಸಾರು. ಹೋಗುವ ದಾರಿಯಲ್ಲಿ ಬಸ್ಸಿನಲ್ಲೇ ಹೆಂಡತಿಗೆ ಮಾತು ಕೊಟ್ಟಿದ್ದೆ: ಒಂದೇ ಮುದ್ದೆ, ಪ್ರತಿ ತುತ್ತಿಗೂ ಮೂವತ್ತೆರಡು.

ಇಲ್ಲಿ ತಪ್ಪಾಯಿತು. ನಮ್ಮ ಸೀಮೆಯಲ್ಲಿ ಮುದ್ದೆಯನ್ನು ನುಂಗುತ್ತಾರೆ, ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ. ಮೂರು ವರ್ಷದ ಕೂಸಿಗೂ ಗೊತ್ತು. ನನಗೂ ಗೊತ್ತು. ಆದರೆ ಚೀಟಿಯಲ್ಲಿ ‘ಮುದ್ದೆ ಹೊರತುಪಡಿಸಿ’ ಎಂದು ಬರೆದಿರಲಿಲ್ಲ. ಬರೆದದ್ದು ಬರೆದ ಹಾಗೇ ನಡೆಯಬೇಕು ಎಂದು ಇಪ್ಪತ್ತೆಂಟು ವರ್ಷದಿಂದ ಜನಕ್ಕೆ ಹೇಳುತ್ತಾ ಬಂದವನು ನಾನು.

ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತಾ ಅಗಿದೆ. ಅಗಿದ ಮುದ್ದೆ ಹಲ್ಲಿಗೆ, ಅಂಗುಳಿಗೆ, ತುಟಿಗೆಲ್ಲ ಮೆತ್ತಿಕೊಂಡಿತು. ಹದಿನೆಂಟಕ್ಕೆ ಬರುವಾಗ ಎದುರು ಸಾಲಿನಲ್ಲಿದ್ದ ಒಬ್ಬ ಅಜ್ಜ ಊಟ ನಿಲ್ಲಿಸಿ ಪಕ್ಕದವನನ್ನು ತಿವಿದ.

“ಯಾರ್ಲಾ ಅದು, ಮುದ್ದೆ ಅಗೀತಾವ್ರೆ?”

“ನಮ್ ಕಡೇರೇ ಅಂತೆ ಕಣಜ್ಜ. ಹೊಳೆನರಸೀಪುರದೋರು.”

“ಪಾಪ, ಏನಾಗೋಯ್ತೋ” ಎಂದು ಅಜ್ಜ ಲೊಚಗುಟ್ಟಿದ.

ಸಾಲು ಸಾಲೇ ತಿರುಗಿ ನೋಡಿತು. ನನ್ನ ಹೆಂಡತಿ ಸೆರಗು ಮುಖಕ್ಕೆ ಎಳೆದುಕೊಂಡು, ನನ್ನ ಪರಿಚಯವೇ ಇಲ್ಲದವಳ ಹಾಗೆ ಪಕ್ಕದವರ ಹತ್ತಿರ ಒಡವೆ ವಿಚಾರ ಶುರು ಮಾಡಿದಳು. ಸುದ್ದಿ ಒಲೆಯ ತನಕ ಹೋಯಿತು. ಅಡುಗೆಯವರು ಮುದ್ದೆ ತೊಳಸುವ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನನ್ನ ಮುಂದೆ ನಿಂತರು. ಕಣ್ಣಲ್ಲಿ ನೀರು ತುಂಬಿತ್ತು.

“ಮೂವತ್ತು ವರ್ಷದಿಂದ ಮುದ್ದೆ ಮಾಡ್ತಾ ಇವ್ನಿ ಸಾ. ಒಂದು ಗಂಟು ಇದ್ರೆ ಬಾಯ್ಬಿಟ್ಟು ಹೇಳಿ. ಇಂಗೆ ಜನದ್ ಮುಂದೆ ಅಗ್ದು ತೋರಿಸ್ಬ್ಯಾಡಿ!”

ಬಾಯಿ ಬಿಟ್ಟು ಹೇಳೋಣವೆಂದರೆ ಬಾಯಿ ಬಿಡಲಾಗದ ಹಾಗೆ ಮುದ್ದೆ ಅಂಟಿತ್ತು. ಕೈ ಮುಗಿದೆ. ಅಷ್ಟರಲ್ಲಿ ಪಂಕ್ತಿ ಎದ್ದಿತು. ನನ್ನ ಎಲೆಯಲ್ಲಿ ಇನ್ನೂ ಮುಕ್ಕಾಲು ಮುದ್ದೆ! ಮೂರು ಮುದ್ದೆ ನುಂಗುತ್ತಿದ್ದವನು ಕಾಲು ಮುದ್ದೆಗೇ ಎದ್ದುಬಂದಿದ್ದೆ. ಮೂವತ್ತೆರಡು ಸಲ ಅಗಿಯಿರಿ ಅನ್ನುವುದು ಜೀರ್ಣಕ್ಕಲ್ಲ, ಅಷ್ಟರೊಳಗೆ ಎಲೆ ಎತ್ತಿಬಿಡಲಿ ಎಂಬುದಕ್ಕೆ ಎಂದು ಅವತ್ತು ಅರ್ಥವಾಯಿತು.

ಮೊದಲನೇ ಬಹುಮಾನ

ಮೊದಲು ಮೂರು ದಿನಕ್ಕೊಮ್ಮೆ ಬರುತ್ತಿದ್ದ ಪ್ರಕೃತಿಯ ಕರೆ, ಕಾಳು ಮತ್ತು ನಡಿಗೆ ಕೂಡಿದ ಮೇಲೆ ದಿನಾ ಬರತೊಡಗಿತು. ಸಂತೋಷದ ವಿಷಯವೇ. ಆದರೆ ಅದು ಬರುತ್ತಿದ್ದದ್ದು ಮನೆಯಲ್ಲಲ್ಲ. ಸರಿಯಾಗಿ ಆರೂ ಮುಕ್ಕಾಲಿಗೆ, ನಡೆದು ನಡೆದು ಹೇಮಾವತಿ ಸೇತುವೆ ತಲುಪಿದಾಗ. ಮನೆಗೆ ಅಲ್ಲಿಂದ ಎರಡು ಕಿಲೋಮೀಟರ್. ಓಡಿದರೆ ಅನಾಹುತ, ನಿಂತರೂ ಅನಾಹುತ. ಹಾಗಾಗಿ ತೊಡೆ ಬಿಗಿದು, ಸೊಂಟ ಎಳೆದುಕೊಂಡು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಬಿರುಸಾಗಿ ನಡೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಇದೇ ನನಗೆ ವಿದ್ಯೆಯಾಯಿತು.

ಬೆಳಗಿನ ನಡಿಗೆಯವರೆಲ್ಲ ಸೇರಿ ಐವತ್ತು ದಾಟಿದವರಿಗೆ ನಡಿಗೆ ಸ್ಪರ್ಧೆ ಇಟ್ಟರು. ಸೇತುವೆಯಿಂದ ನಮ್ಮ ಬಡಾವಣೆಯ ಅರಳಿಕಟ್ಟೆವರೆಗೆ. ಓಡುವ ಹಾಗಿಲ್ಲ. ತೀರ್ಪುಗಾರರಾಗಿ ಚನ್ನರಾಯಪಟ್ಟಣದಿಂದ ನಿವೃತ್ತ ಪಿ.ಟಿ. ಮೇಷ್ಟರೊಬ್ಬರನ್ನು ಕರೆಸಿದ್ದರು. ಶುರು ಎಷ್ಟು ಹೊತ್ತಿಗೆ? ಆರೂ ಮುಕ್ಕಾಲಿಗೆ!

ಸೀಟಿ ಕೇಳಿತು. ಕರೆಯೂ ಬಂತು.

ಆಮೇಲೆ ನನಗೆ ಅಕ್ಕಪಕ್ಕ ಯಾರೂ ಕಾಣಲಿಲ್ಲ. ಮೇಷ್ಟರು ಸ್ಕೂಟರಿನ ಹಿಂದೆ ಕೂತು ಬರುತ್ತಾ, “ನೋಡ್ರಯ್ಯಾ, ನಡಿಗೆ ಅಂದ್ರೆ ಇದು! ಮುಖದಲ್ಲಿ ಏಕಾಗ್ರತೆ ನೋಡಿ!” ಎಂದು ಕೂಗುತ್ತಿದ್ದರು. ಅರಳಿಕಟ್ಟೆ ಹತ್ತಿರ ಕೆಂಪು ರಿಬ್ಬನ್ ಕಟ್ಟಿದ್ದರು. ಹಾರ ಹಿಡಿದು ಹತ್ತು ಜನ ನಿಂತಿದ್ದರು. ರಿಬ್ಬನ್ ಎದೆಗೆ ಸಿಕ್ಕಿತು, ಹರಿಯಿತು, ನಾನು ನಿಲ್ಲಲಿಲ್ಲ. ಹಾರ ಹಿಡಿದವರನ್ನು ದಾಟಿ, ಬಲಕ್ಕೆ ತಿರುಗಿ, ಮೂರನೇ ಮನೆಯ ಗೇಟು ತಳ್ಳಿ, ನೇರ ಒಳಗೆ.

ಹೊರಗೆ ಬಂದಾಗ ಕೊರಳಲ್ಲಿ ಇನ್ನೂ ರಿಬ್ಬನ್ ಇತ್ತು. ಅಂಗಳದ ತುಂಬ ಜನ. ಮೇಷ್ಟರು ಕಪ್ ಹಿಡಿದು ನನ್ನ ಹೆಂಡತಿಯನ್ನು ಕೇಳುತ್ತಿದ್ದರು: “ಗೆದ್ದ ತಕ್ಷಣ ದೇವರಿಗೆ ಕೈ ಮುಗಿಯೋಕೆ ಹೋದ್ರು ಅನ್ಸುತ್ತೆ, ಅಲ್ವೇನಮ್ಮಾ?”

“ಊಂ ಸಾ. ದಿನಾ ಇದೇ ಹೊತ್ಗೆಯಾ” ಎಂದಳು ನನ್ನವಳು, ಕಪ್ ಈಸಿಕೊಂಡು.

ಕರಾರು ಪತ್ರ

ಒಮ್ಮೆಲೇ ಅಷ್ಟು ತಿನ್ನಿಸಿದ್ದೇ ತಪ್ಪಾಯಿತು ಎಂದು ಗೆದ್ದ ಮಾರನೇ ದಿನದಿಂದ ಹೆಂಡತಿ ಕಾಳನ್ನು ಅರ್ಧಕ್ಕರ್ಧ ಇಳಿಸಿ, ಬೇಯಿಸಿ ಕೊಟ್ಟಳು. ಇಂಗು ಹಾಕಿದ ಮಜ್ಜಿಗೆ ಕುಡಿಸಿದಳು. ವಾರ ವಾರಕ್ಕೂ ಒಂದೊಂದು ಹಿಡಿ ಹೆಚ್ಚಿಸಿದಳು. ಗುಡುಗು ನಿಂತಿತು, ಕರೆ ಮನೆಯಲ್ಲಿದ್ದಾಗಲೇ ಬರತೊಡಗಿತು, ಬೆಲ್ಟು ಮೂರು ತೂತು ಮುಂದಕ್ಕೆ ಬಂತು.

ಮೂರು ತಿಂಗಳು ತುಂಬಿದ ದಿನ ಇಬ್ಬರೂ ಹಾಸನಕ್ಕೆ ಹೋದೆವು. ಡಾಕ್ಟರು ಹೊಸ ರಿಪೋರ್ಟನ್ನು ಎರಡು ಸಲ ಓದಿ, ಹೆಸರು ನನ್ನದೇ ತಾನೆ ಎಂದು ನೋಡಿ, “ಸಕ್ಕರೆ ನಾರ್ಮಲ್. ಮಾತ್ರೆ ಬೇಡ” ಎಂದರು. ನನಗೆ ಅಪ್ಪ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದದ್ದು ನೆನಪಾಯಿತು. ಹೆಂಡತಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಮದುವೆಯಾದ ದಿನ ಬಿಟ್ಟರೆ ಇಷ್ಟು ಸಂತೋಷ ನನಗೆ ಆಗಿರಲಿಲ್ಲ. ಅವತ್ತೂ ಹೊಟ್ಟೆ ಸರಿಯಿರಲಿಲ್ಲ ಅನ್ನುವುದು ಬೇರೆ ಮಾತು.

ಡಾಕ್ಟರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಗಲೇ ನಾನು ಸರಿಯಾಗಿ ನೋಡಿದ್ದು, ಅವರ ಬಿಳಿ ಕೋಟಿನ ಕೆಳಗಿನ ಎರಡು ಗುಂಡಿ ಹಾಕಲಾಗದೆ ಹಾಗೇ ಬಿಟ್ಟಿದ್ದರು.

“ಹೇಗೆ ಮಾಡಿದ್ರಿ ಹೇಳಿ” ಎಂದರು ಮೆಲ್ಲಗೆ. “ನನ್ನ ಸಕ್ಕರೆ ನಿಮ್ಮ ಹಳೇ ಸಕ್ಕರೆಗಿಂತ ಜಾಸ್ತಿ ಇದೆ ಕಣ್ರೀ.”

“ನೀವೇ ಕೊಟ್ಟ ಚೀಟಿ ಅಲ್ವಾ ಡಾಕ್ಟ್ರೇ?”

“ಚೀಟಿ ದಿನಾ ಬರೀತೀನಿ. ಅದನ್ನ ಮಾಡಿದೋರ್ನ ಇವತ್ತೇ ನೋಡಿದ್ದು.”

ನನ್ನ ಪೆನ್ನು ತಾನಾಗಿಯೇ ಜೇಬಿನಿಂದ ಹೊರಗೆ ಬಂತು. ಅವರ ಚೀಟಿ ಪುಸ್ತಕವನ್ನೇ ಎಳೆದುಕೊಂಡು ಬರೆದು, ಪದ್ಧತಿಯಂತೆ ಗಟ್ಟಿಯಾಗಿ ಓದಿದೆ:

“ಹಾಸನ ಟೌನ್ ವಾಸಿ, ವೃತ್ತಿಯಲ್ಲಿ ಡಾಕ್ಟರ್ ಆದ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಬರೆದುಕೊಟ್ಟ ಕರಾರು ಪತ್ರ. ನನ್ನ ಸ್ವಾಧೀನದಲ್ಲಿರುವ ಹೊಟ್ಟೆಯ ಚೆಕ್ಕುಬಂದಿ: ಪೂರ್ವಕ್ಕೆ ಬೆಳಗಿನ ನಡಿಗೆ, ಪಶ್ಚಿಮಕ್ಕೆ ಸಂಜೆ ನಡಿಗೆ, ಉತ್ತರಕ್ಕೆ ಹಸಿ ತರಕಾರಿ, ದಕ್ಷಿಣಕ್ಕೆ ಮೊಳಕೆ ಕಾಳು. ಈ ಮಧ್ಯೆ ಇರುವ ಹೊಟ್ಟೆಯು ಸದರಿ ಎಲ್ಲೆಯನ್ನು ಮೀರತಕ್ಕದ್ದಲ್ಲ.”

ಡಾಕ್ಟರು ಗಂಭೀರವಾಗಿ ರುಜು ಹಾಕಿದರು. ಸಾಕ್ಷಿಯಾಗಿ ನನ್ನ ಹೆಂಡತಿ ಹಾಕಿದಳು. ಬಸ್ಸು ಹತ್ತಿದ ಮೇಲೆ ಅವಳಿಗೆ ನೆನಪಾಯಿತು.

“ಕಾಳ ನಿಧಾನಕ್ಕೆ ಹೆಚ್ಚುಸ್ಬೇಕು ಅಂತ ಬರೀನೇ ಇಲ್ವಲ್ರೀ?”

“ಅವರು ಡಾಕ್ಟ್ರು ಕಣೇ. ಅಷ್ಟು ಗೊತ್ತಿರಲ್ವಾ?”

ಗೊತ್ತಿರಲಿಲ್ಲ. ಐದನೇ ದಿನ ಮಧ್ಯಾಹ್ನ ಅವರ ಫೋನ್ ಬಂತು. ಪಿಸುದನಿ.

“ರೀ, ಏನ್ರೀ ಇದು? ಪೇಷಂಟ್ ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ನನ್ನ ಹೊಟ್ಟೆ ಗುಡುಗ್ತು. ಅವನು ‘ಅಯ್ಯೋ, ನನ್ ಎದೆ ಇಂಗಾ ಬಡ್ಕತೈತೆ ಸಾ?’ ಅಂತ ಬೆಡ್ಡಿಂದ ಇಳಿದು ಓಡೇ ಹೋದ. ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದಾರೆ. ಈಗ ಏನ್ರೀ ಮಾಡ್ಲಿ ನಾನು?”

ಹೆಂಡತಿ ಪಕ್ಕದಲ್ಲೇ ಇದ್ದಳು. ನಾನು ಕುರ್ಚಿಗೆ ಒರಗಿ, ಇಲ್ಲದ ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡೆ.

“ಗಾಬರಿ ಬೇಡ ಡಾಕ್ಟ್ರೇ. ಮೂರು ತಿಂಗಳು ಬಿಟ್ಟು ಬನ್ನಿ, ನೋಡೋಣ.”