ಜಪಾನಿನವರಿಗೆ ಹತ್ತಿದ ನನ್ನ ಚಾಳಿ

ಕಲಿಯದ ವಿದ್ಯಾರ್ಥಿಯನ್ನು ಹೇಗಾದರೂ ಸಹಿಸಬಹುದು. ಮಾಸ್ತರ ಮಾಡಿದ್ದನ್ನೆಲ್ಲ ಶ್ರದ್ಧೆಯಿಂದ ಕಲಿತುಬಿಡುವವನಿಂದ ಮಾತ್ರ ದೇವರೇ ಕಾಪಾಡಬೇಕು. ಪುಣೆಯ ಹೊರವಲಯದ ಹಿಂಜವಾಡಿಯಲ್ಲಿ ಕಂಪನಿಗಳು ಒಂದೊಂದಾಗಿ ಏಳುತ್ತಿದ್ದ ಕಾಲವದು. ಊರೊಳಗೆ ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಗಲಗಲಿ ಸರ್ ನಡೆಸುತ್ತಿದ್ದ ಇಂಗ್ಲಿಷ್ ಕ್ಲಾಸಿಗೆ ನಾನು ಹಂಗಾಮಿ ಮಾಸ್ತರ. ಕಾರ್ಖಾನೆಯೊಂದಕ್ಕೆ ಜಪಾನಿನಿಂದ ಬಂದ ನಾಲ್ವರು ಎಂಜಿನಿಯರುಗಳನ್ನು ನನಗೆ ಒಪ್ಪಿಸಿ ಸರ್ ಹೇಳಿದ್ದರು: "ಇವರ ಬಾಯಾಗ ಇಂಗ್ಲಿಷ್ ಬರಸು, ಕೆಲಸ ಕಾಯಂ. ಇಲ್ಲಾಂದ್ರ ನಿಮ್ಮ ಮಾಮಾನ ಅಂಗಡ್ಯಾಗ ಸೀರಿ ಮಡಚಕೋತ ಕೂಡು."

ಬಾಯಿ ತೆರೆದರಲ್ಲವೇ ಬರಿಸುವುದು? ನಾನು ಒಳಗೆ ಬಂದರೆ ಎದ್ದು ಬಾಗಿ ನಮಸ್ಕರಿಸುವರು, ಬೋರ್ಡು ಒರೆಸಲೂ ನನಗೆ ಬಿಡರು. ಮನೆಯಲ್ಲಿ ಕಂಡರಿಯದ ಈ ಮರ್ಯಾದೆಗೆ ನಾನು ಉಬ್ಬಿಹೋಗಿದ್ದೆ. ಆದರೆ ಪ್ರಶ್ನೆ ಕೇಳಿದರೆ ಮೂವರು ಕಿರಿಯರು ಹಿರಿಯರಾದ ಮೊರಿ ಸಾನ್, ಅಂದರೆ ನಮ್ಮ ಲೆಕ್ಕದಲ್ಲಿ ಮೊರಿ ರಾಯರ, ಮುಖ ನೋಡುವರು. ಅವರಿಗಿಂತ ಮೊದಲು ಮಾತಾಡುವುದುಂಟೇ? ಮೊರಿ ಸಾನ್ ಕಣ್ಣು ಮುಚ್ಚುವರು. ತಪ್ಪಿಲ್ಲದ ವಾಕ್ಯ ಸಿದ್ಧವಾಗುವತನಕ ಅವರು ತುಟಿ ಬಿಚ್ಚರು. ಅಷ್ಟರಲ್ಲಿ ಗಂಟೆ ಮುಗಿಯುವುದು. ಕೆಳಗೆ ರಿಕ್ಷಾದವರು ಮರಾಠಿಯಲ್ಲಿ ಜಗಳಾಡಿದರೆ, ಅದೊಂದೇ ನಮ್ಮ ತರಗತಿಯ ಸಂಭಾಷಣೆ.

ಹತಾಶೆಯಿಂದ ಒಂದು ದಿನ, ನನಗೆ ಬರುವ ಒಂದೇ ವಿದ್ಯೆಯನ್ನು ಹೊರತೆಗೆದೆ: ಅಣಕ. ಕನ್ನಡಕ ಹಣೆಗೇರಿಸಿ, ಹೊಟ್ಟೆ ಸವರುತ್ತ, ಗಲಗಲಿ ಸರ್ ಫೋನಿನಲ್ಲಿ ಇಂಗ್ಲಿಷನ್ನು ರಬ್ಬರಿನಂತೆ ಎಳೆಯುವುದನ್ನು ಮಾಡಿ ತೋರಿಸಿದೆ. ಯಾರೂ ನಗಲಿಲ್ಲ. ಮೊರಿ ಸಾನ್ ಎದ್ದು ನಿಂತರು. ಹಾಗೆಯೇ ಹೊಟ್ಟೆ ಸವರಿ, ಹಾಗೆಯೇ ಎಳೆದು ಮಾತಾಡಿದರು! ಹಿಂದೆಯೇ ಮೂವರೂ. ಇದು ಇಂಗ್ಲಿಷಿನ ಕ್ರಮವೆಂದೇ ಅವರು ತಿಳಿದರು. ತಿದ್ದುವ ಧೈರ್ಯ ನನಗಿರಲಿಲ್ಲ. ಬಾಯಿ ಮತ್ತೆ ಮುಚ್ಚಿಬಿಟ್ಟರೆ?

ಪರೀಕ್ಷಿಸಲು ಗಲಗಲಿ ಸರ್ ಬಂದೇಬಿಟ್ಟರು. ನಾಲ್ವರೂ ಎದ್ದರು. ಕನ್ನಡಕಗಳು ಹಣೆಗೇರಿದವು, ಕನ್ನಡಕವಿಲ್ಲದವನು ಬರಿಗೈಯನ್ನೇ ಏರಿಸಿದ. ಇಲ್ಲದ ಹೊಟ್ಟೆಗಳನ್ನು ಸವರುತ್ತ ಒಕ್ಕೊರಲಿನಿಂದ, "ಕಮ್ಮ್ ಕಮ್ಮ್, ಸಿಟ್ಟ್ ರೀ, ವಾಟ್ಟ್ ಕ್ಯಾನ್ ಐ ಡೂ?" ನಾನು ಮನಸ್ಸಿನಲ್ಲೇ ಸೀರೆ ಮಡಚತೊಡಗಿದೆ.

ಸರ್ ಕನ್ನಡಕ ಹಣೆಗೇರಿಸಿದರು. ಹೊಟ್ಟೆ ಸವರಿಕೊಂಡರು. "ಭಾಳ ಛಲೋ! ಇದಕ್ಕ ನೋಡಪಾ ಇಂಗ್ಲಿಷ್ ಅಂತಾರ!"

ಹೋದ ಜೀವ ಬಂತು. "ಹಂಗಾರ ಕೆಲಸ ಕಾಯಂ ಏನ್ರಿ ಸರ?"

"ಅವರ ಇಂಗ್ಲಿಷ್ ಹೆಂಗದ, ನಿಂದ್ ಹೆಂಗದ ನೋಡ್ಕೊ. ನಾಳಿಂದ ನೀನೂ ಅವರ ಕಡೆ ಕಲಿ. ಮೊರಿ ಸಾನ್ ಹೂಂ ಅಂದ ದಿನ ಕಾಯಂ ಮಾಡತೀನಿ."

ಮರುದಿನದಿಂದ ನಾನು ವಿದ್ಯಾರ್ಥಿ. ಮೊರಿ ಸಾನ್ ಬಾಗಿ ನಮಸ್ಕರಿಸುತ್ತಾರೆ, ನನ್ನ ಮಾತನ್ನು ಕಣ್ಣು ಮುಚ್ಚಿ ಕೇಳುತ್ತಾರೆ, ಬಹಳ ವಿನಯದಿಂದ ಅಡ್ಡಡ್ಡ ತಲೆಯಾಡಿಸುತ್ತಾರೆ. ಎಲ್ಲ ಸರಿಯಿದೆಯಂತೆ, ಹೊಟ್ಟೆ ಸವರುವುದರಲ್ಲಿ ಮಾತ್ರ ನನಗಿನ್ನೂ ಸಹಜತೆ ಬಂದಿಲ್ಲವಂತೆ.