ಮುಟ್ಟಬಾರದ ಫ್ಯಾನು

ಹೆಡ್‌ಮಿಸ್ಟ್ರೆಸ್ ದೊನ್ಯಾ ನೆರೇಯ್ಡಾ ಬೆಳಿಗ್ಗೆಯೇ ಬಣ್ಣದ ಡಬ್ಬ ಹಿಡಿದು ಬಂದಾಗ ತೆಯೋಫಿಲೋ ಮೇಷ್ಟ್ರು ಮಕ್ಕಳು ಕಟ್ಟಿದ ಫ್ಯಾನು ಒರೆಸುತ್ತಿದ್ದರು.

“ಇದೇನ್ರೀ ಮೇಷ್ಟ್ರೇ, ಫ್ಯಾನಿನ ರೆಕ್ಕೆ ಬಕೆಟ್ ಥರಾನೇ ಕಾಣ್ತಿದೆ!”

“ಬಕೆಟ್ಟೇ ಅಲ್ವಾ ಮೇಡಂ.”

“ಇನ್‌ಸ್ಪೆಕ್ಟರ ಮುಂದೆ ಹಾಗೆಲ್ಲ ಅನ್ಬೇಡಿ, ಇವತ್ತೇ ಶಾಲೆ ತಪಾಸಣೆಗೆ ಬರ್ತಿದಾರೆ!” ಎನ್ನುತ್ತ ಅವರು ರೆಕ್ಕೆಗಳಿಗೆ ನೀಲಿ, ಕೆಂಪು ಬಳಿದೇಬಿಟ್ಟರು. ದೇಶದ ಬಾವುಟದ ಬಣ್ಣವಾದ್ದರಿಂದ ಮೇಷ್ಟ್ರು ಬೇಡವೆನ್ನುವ ಹಾಗೂ ಇರಲಿಲ್ಲ.

ರಾಜಧಾನಿ ಸಾಂತೊ ದೊಮಿಂಗೊದಿಂದ ಬಲುದೂರದ ಆ ಹೈಸ್ಕೂಲಿನಲ್ಲಿ ಮೇಷ್ಟ್ರು ವಿಜ್ಞಾನ ಕಲಿಸುತ್ತಿದ್ದರು. ಪಾಳುಬಿದ್ದ ಅಡುಗೆಕೋಣೆಯನ್ನು ಗುಡಿಸಿ ಮಕ್ಕಳಿಗೊಂದು ವರ್ಕ್‌ಶಾಪ್ ಮಾಡಿಕೊಟ್ಟಿದ್ದರು. ಗುಜರಿ ವಾಷಿಂಗ್ ಮಷೀನಿನ ಮೋಟಾರಿಗೆ ಬಕೆಟ್ ಕತ್ತರಿಸಿದ ರೆಕ್ಕೆ ಹಾಕಿ ಮಕ್ಕಳೇ ಫ್ಯಾನು ಕಟ್ಟಿದ್ದರು. ತಗಡಿನ ಸೂರಿನಡಿ ಹಬೆಯಲ್ಲಿಟ್ಟ ಬಾಳೆಕಾಯಿಯಂತೆ ಬೇಯುತ್ತಿದ್ದ ತರಗತಿಗೆ ಅದನ್ನು ಹಾಕುವುದೆಂದು ಮಾತಾಗಿತ್ತು.

ಇನ್‌ಸ್ಪೆಕ್ಟರಿಗೆ ಹಿಡಿಸದಿದ್ದರೆ ಆ ಕೋಣೆ ಮುರುಕು ಬೆಂಚುಗಳ ಗೋದಾಮಾಗುತ್ತಿತ್ತು. ಮೇಷ್ಟ್ರಿಗೆ ಕೋಣೆಗಿಂತ ಯೊಕಾಸ್ತಾಳದೇ ಚಿಂತೆ. ಕೊನೆಯ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದ ಹುಡುಗಿ, ಸ್ಕ್ರೂಡ್ರೈವರ್ ಕೈಗೆ ಬಂದ ಮೇಲೆ ಮಾತಾಡತೊಡಗಿದ್ದಳು. ವರ್ಕ್‌ಶಾಪ್ ಹೋದರೆ ಅವಳು ಶಾಲೆ ಬಿಟ್ಟು ಚಿಕ್ಕಮ್ಮನ ಬ್ಯೂಟಿ ಪಾರ್ಲರಿಗೆ ಸೇರುವವಳೇ.

ಅಷ್ಟರಲ್ಲಿ ಸಾಹಿತ್ಯದ ಮೇಷ್ಟ್ರು ಫೆರ್ಮೀನ್ ಒಂದು ದೊಡ್ಡ ಸ್ಪೀಕರ್ ಹೊತ್ತುಕೊಂಡು ಬಂದರು. “ಸ್ವಾಗತ ಪದ್ಯ ಬರ್ದಿದೀನಿ ಕಣಯ್ಯಾ. ಪ್ಲಗ್ ಎಲ್ಲಿ?”

“ಒಂದೇ ಪ್ಲಗ್ ಇರೋದು. ಲೋಡ್ ತಡೆಯಲ್ಲ.”

“ಕವಿತೆಗೆ ಎಂಥ ಲೋಡಯ್ಯಾ!” ಎಂದು ಅವರು ಫ್ಯಾನಿನ ಪ್ಲಗ್ಗಿಗೇ ಸ್ಪೀಕರಿನ ವೈರನ್ನೂ ಸಿಕ್ಕಿಸಿಯೇಬಿಟ್ಟರು.

ಇನ್‌ಸ್ಪೆಕ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು ಫ್ಯಾನಿನ ಮುಂದೆಯೇ ನಿಂತರು. ಯೊಕಾಸ್ತಾ ಸ್ವಿಚ್ಚು ಹಾಕಿದಳು. ರೆಕ್ಕೆ ಗಿರ್ರನೆ ತಿರುಗಿತು. ಹಸಿ ಬಣ್ಣವೆಲ್ಲ ಹಾರಿ ಸಾಹೇಬರ ಎದೆಯ ಮೇಲೆ ಬಾವುಟವೇ ಮೂಡಿತು. ನೆರೇಯ್ಡಾ ಕಿರುಚಿದರು. ಆ ಕಿರುಚಾಟ ಕೇಳಿಸದಿರಲೆಂದು ಫೆರ್ಮೀನ್ ಮೈಕಿನಲ್ಲಿ “ಓ ಮಹನೀಯಾ...” ಎಂದು ಶುರುಮಾಡಿದ್ದೇ ತಡ, ಢಬ್! ಕಿಟಕಿಯಿಲ್ಲದ ಕೋಣೆ ಕತ್ತಲಾಯಿತು. ಸುಟ್ಟ ವಾಸನೆ ಬಂತು.

ಮೇಷ್ಟ್ರು ಕತ್ತಲಲ್ಲೇ ಸ್ಟೂಲು ತಡವಿ ಕೂತರು. ಎಲ್ಲ ಮುಗಿಯಿತು ಎಂದುಕೊಂಡರು.

“ಮೇಷ್ಟ್ರೇ, ಫ್ಯೂಸ್ ಅಷ್ಟೇ. ಒಂದ್ ವೈರೂ ಸುಟ್ಟಿರೋ ಹಾಗಿದೆ,” ಎಂದಳು ಯೊಕಾಸ್ತಾ. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿ, “ಸಾರ್, ನಿಮ್ ಫೋನಿನ ಟಾರ್ಚ್ ಹಿಡೀರಿ. ಅಲ್ಲಲ್ಲ, ಇಲ್ಲಿ. ಕೈ ಅಲ್ಲಾಡಿಸ್ಬೇಡಿ.”

ಸಾಹೇಬರು ಕೈ ಅಲ್ಲಾಡಿಸಲಿಲ್ಲ. ಒಬ್ಬ ಹುಡುಗ ಸುಟ್ಟ ವೈರು ಕತ್ತರಿಸಿದ, ಒಬ್ಬ ಹುಡುಗಿ ರೆಕ್ಕೆ ಒರೆಸಿದಳು, ಯೊಕಾಸ್ತಾ ಸ್ಪೀಕರಿನ ವೈರು ಕಿತ್ತು ಫ್ಯೂಸು ಕಟ್ಟಿದಳು. ಫ್ಯಾನು ಮತ್ತೆ ತಿರುಗಿತು. ಎಲ್ಲರ ಬೆವರಿದ ಮುಖಕ್ಕೂ ತಣ್ಣನೆ ಗಾಳಿ ಬಡಿಯಿತು.

ಸಾಹೇಬರ ಕಣ್ಣು ಒದ್ದೆಯಾಗಿತ್ತು. “ನನ್ನ ಸರ್ವೀಸಲ್ಲೇ ಇಂಥದ್ದು ನೋಡಿರ್ಲಿಲ್ಲ. ಈ ಕೋಣೆ ಮುಚ್ಚೋ ಮಾತೇ ಇಲ್ಲ!”

ಮಕ್ಕಳು ಸೂರು ಹಾರಿಹೋಗುವಂತೆ ಕೂಗಿದರು. ಮೇಷ್ಟ್ರು ಫೆರ್ಮೀನರನ್ನೇ ತಬ್ಬಿಕೊಂಡರು.

“ಇದು ಇಡೀ ಜಿಲ್ಲೆಗೆ ಮಾದರಿ,” ಸಾಹೇಬರು ಮುಂದುವರಿಸಿದರು. “ಗಾಜಿನ ಬಾಗಿಲು ಹಾಕ್ಸೋಣ. ನೋಡೋಕೆ ಎಲ್ಲೆಲ್ಲಿಂದ್ಲೋ ಜನ ಬರ್ತಾರೆ. ಇವತ್ತಿಂದ ಇಲ್ಲಿನ ಒಂದು ಮೊಳೇನೂ ಮಕ್ಕಳು ಮುಟ್ಟಬಾರ್ದು. ಇಂಥ ಒಳ್ಳೇ ಕೆಲಸ ಹಾಳಾಗ್ಬಾರ್ದಲ್ಲ! ಬೀಗ ನಿಮ್ಮ ಜವಾಬ್ದಾರಿ ಮೇಷ್ಟ್ರೇ.”

“ಸಾರ್, ಫ್ಯಾನು ತರಗತಿಗೆ ಅಂತ...”

“ತರಗತಿಗಾ? ಧೂಳು ಹಿಡಿಯುತ್ತಲ್ರೀ!”

ನೆರೇಯ್ಡಾ ಜೋರಾಗಿ ಚಪ್ಪಾಳೆ ತಟ್ಟಿದರು.

ಶಾಲೆ ಬಿಟ್ಟಾಗ ಯೊಕಾಸ್ತಾ ಒಬ್ಬಳೇ ಹಿಂದುಳಿದಳು. “ನಾಳೆಯಿಂದ ನಾವೇನ್ ಮಾಡೋದು ಮೇಷ್ಟ್ರೇ?”

“ಗಾಜಿನಾಚೆಯಿಂದ ನೋಡ್ಬಹುದಂತೆ.”

“ನಾವೇ ಮಾಡಿದ್ದನ್ನ ನಾವೇನ್ ನೋಡೋದು?” ಅವಳು ಉಗುರಿನಲ್ಲಿದ್ದ ನೀಲಿಯನ್ನು ಕೆರೆದುಕೊಂಡಳು. “ಪಾರ್ಲರಲ್ಲಿ ಹೇರ್ ಡ್ರೈಯರ್ ಆದ್ರೂ ಮುಟ್ಟೋಕೆ ಬಿಡ್ತಾರೆ. ಬರ್ತೀನಿ ಮೇಷ್ಟ್ರೇ.”

ಮೇಷ್ಟ್ರು ಜೇಬಿನಿಂದ ಬೀಗ ತೆಗೆದರು. ಅವಳು ಗೇಟು ದಾಟುವವರೆಗೂ ನೋಡುತ್ತ ನಿಂತು, ಬಾಗಿಲೆಳೆದು ಬೀಗ ಸಿಕ್ಕಿಸಿದರು. ತುಕ್ಕು ಹಿಡಿದ ಬೀಗದಲ್ಲಿ ಕೀಲಿ ತಿರುಗಲಿಲ್ಲ.

“ಯೊಕಾಸ್ತಾ, ಆ ಎಣ್ಣೆ ಕೊಡಮ್ಮಾ,” ಎಂದು ರೂಢಿಯಂತೆ ಕೈ ಹಿಂದಕ್ಕೆ ಚಾಚಿದರು. ಕೈ ಸ್ವಲ್ಪ ಹೊತ್ತು ಹಾಗೇ ಇತ್ತು.

“ಬೀಗ ಬಿತ್ತೇನ್ರೀ?” ನೆರೇಯ್ಡಾ ಅಂಗಳದಿಂದ ಕೂಗಿದರು.

ಮೇಷ್ಟ್ರು ಎರಡೂ ಕೈ ಹಾಕಿ ಬಲವಾಗಿ ತಿರುಗಿಸಿದರು. ಬಿತ್ತು.