ಅಯೋವಾ ದಾರಿಯ ಎರಡು ಬಾಳೆಹಣ್ಣು

ಎಲ್ಲದಕ್ಕೂ ಮೂಲ ಆ ಕೇಬಲ್‌ನವನು. ಹೋದ ದೀಪಾವಳಿಗೆ ದೆಹಲಿಯ ವಸಂತ್ ಕುಂಜ್‌ನ ಆ ಬ್ಲಾಕಿಗೆಲ್ಲ, ಯಾರೂ ಕೇಳದಿದ್ದರೂ, ಎಂಟು ಇಂಗ್ಲಿಷ್ ಚಾನೆಲ್‌ಗಳನ್ನು ಪುಕ್ಕಟೆಯಾಗಿ ಸೇರಿಸಿಬಿಟ್ಟ. "ಆಂಟೀಜೀ, ಆರು ತಿಂಗಳು ಫ್ರೀ" ಎಂದು ಹಲ್ಲು ಕಿರಿದು ಹೋದವನು ತೆಗೆಯಲು ಮತ್ತೆ ಬರಲೇ ಇಲ್ಲ. ಬಂದು ತೆಗೆದಿದ್ದರೆ ದಕ್ಷಿಣಾಮೂರ್ತಿಗೆ ಆ ಮಂಗಳವಾರ ಅಂಥ ಗತಿ ಬರುತ್ತಿರಲಿಲ್ಲ.

ದಕ್ಷಿಣಾಮೂರ್ತಿ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ, ಧಾನ್ಯ ದಾಸ್ತಾನಿನ ವಿಭಾಗದಲ್ಲಿ ಸೆಕ್ಷನ್ ಆಫೀಸರು. ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಅವರ ಮೇಲಿದ್ದವರು, ಕೆಳಗಿದ್ದವರು, ಅಕ್ಕಪಕ್ಕ ಇದ್ದವರು ಎಲ್ಲ ಜಪಾನು, ಜರ್ಮನಿ ಎಂದು ಹೋಗಿ ಬಂದು ಚಾಕೊಲೇಟು ಹಂಚಿದ್ದರು. ಇವರು ಸುಮ್ಮನೆ ತಿಂದಿದ್ದರು. ಈಗ ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ ಇವರ ಹೆಸರೂ ಬಂದಿತ್ತು. ಅಮೆರಿಕದ ಅಯೋವಾ ಎಂಬ ರಾಜ್ಯದಲ್ಲಿ ಮೂರು ವಾರದ ತರಬೇತಿ. ವಿಷಯ, ಸರ್ಕಾರಿ ದಾಸ್ತಾನನ್ನು ಇಲಿ, ಹುಳು ಮತ್ತಿತರ ಪ್ರಾಣಿಗಳಿಂದ ಕಾಪಾಡುವುದು.

ವೀಸಾಕ್ಕೆ ಕಳಿಸಲು ಪಾಸ್‌ಪೋರ್ಟನ್ನು ಮಂಗಳವಾರ ಮಧ್ಯಾಹ್ನ ಮೂರರೊಳಗೆ ಅಂಡರ್ ಸೆಕ್ರೆಟರಿ ಭಟ್ನಾಗರ್ ಸಾಹೇಬರ ಕೈಗೆ ಕೊಡಬೇಕಿತ್ತು. ತಡವಾದರೆ ಬದಲಿ ಪಟ್ಟಿಯಲ್ಲಿದ್ದ ಸಹೋದ್ಯೋಗಿ ಯೋಗೀಶನಿಗೆ ಅವಕಾಶ. ಈ ಯೋಗೀಶ ಒಂದು ವಾರದಿಂದ ತನ್ನ ಪಾಸ್‌ಪೋರ್ಟನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು, ದಿನಕ್ಕೆರಡು ಸಲ ಬಂದು ದಕ್ಷಿಣಾಮೂರ್ತಿಯ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದ.

ಬೆಳಿಗ್ಗೆ ಎಂಟೂವರೆಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ದಕ್ಷಿಣಾಮೂರ್ತಿ ಬೀರು ತೆರೆದರೆ ಪಾಸ್‌ಪೋರ್ಟ್ ಇಲ್ಲ. ಎಲ್‌ಐಸಿ ಪಾಲಿಸಿ ಇದೆ, ಮಗಳ ಅಂಕಪಟ್ಟಿ ಇದೆ, ಹಳೇ ಸ್ಕೂಟರಿನ ಆರ್‌ಸಿ ಪುಸ್ತಕ ಕೂಡ ಇದೆ. ಪಾಸ್‌ಪೋರ್ಟ್ ಮಾತ್ರ ಇಲ್ಲ.

"ಲೀಲಾ, ನನ್ನ ಪಾಸ್‌ಪೋರ್ಟ್ ಎಲ್ಲೇ?"

ಲೀಲಾವತಿ ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾನೇ ತೆಗೆದಿಟ್ಟಿದೀನಿ. ನೀವು ಹೋಗೋದು ಬೇಡ."

"ಬೇಡ ಅಂದ್ರೆ? ಯಾಕೆ ಬೇಡ?"

"ಅಲ್ಲಿ ಸಂಸಾರ ಅನ್ನೋದೇ ಇಲ್ಲ ಕಣ್ರೀ. ನಾನು ದಿನಾ ನೋಡ್ತಿಲ್ವಾ? ಆ ಹೋಟೆಲ್ ಮಾಲೀಕ, ನಿಮ್ಮಷ್ಟೇ ವಯಸ್ಸು, ಮೂರು ದಿನಕ್ಕೆ ಅಂತ ಬೇರೆ ಊರಿಗೆ ಹೋದ. ಬರೋವಾಗ ಹೊಸ ಹೆಂಡತಿ. ಅವಳು ಯಾರು ಗೊತ್ತಾ? ಅವನ ಮೊದಲನೇ ಹೆಂಡತಿಯ ಮೂರನೇ ಗಂಡನ ಮಗಳು."

ಲೀಲಾವತಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೆ ಮಧ್ಯಾಹ್ನ ಹನ್ನೆರಡರ ಆ ಅಮೆರಿಕದ ಧಾರಾವಾಹಿಯಲ್ಲಿ ಅಳು, ಅಪ್ಪುಗೆ ಮತ್ತು ಕಪಾಳಮೋಕ್ಷವೇ ಜಾಸ್ತಿ ಇದ್ದದ್ದರಿಂದ ಭಾಷೆಯ ತೊಂದರೆ ಆಗಿರಲಿಲ್ಲ. ಎಲ್ಲಾದರೂ ಎಡವಿದರೆ ಕಾಲೇಜಿಗೆ ಹೋಗುವ ಮಗಳು ಅನನ್ಯಾ ಬಿಡಿಸಿ ಹೇಳುತ್ತಿದ್ದಳು.

"ಅದು ಟಿವಿ ಕಣೇ. ಸುಳ್ಳು. ಟಿವಿಲಿ ತೋರಿಸೋದೆಲ್ಲ ಸುಳ್ಳು. ನನಗೆ ಐವತ್ತೆಂಟು ವರ್ಷ, ಮಂಡಿ ನೋವು. ನನ್ನನ್ನ ಯಾರು ಹಾರಿಸ್ಕೊಂಡು ಹೋಗ್ತಾರೆ?"

"ಆ ಹೋಟೆಲ್‌ನವನಿಗೂ ಮಂಡಿ ಆಪರೇಷನ್ ಆಗಿದೆ."

ಅನನ್ಯಾ ಬ್ರೆಡ್ಡು ಕಚ್ಚುತ್ತಾ ಹೊರಬಂದಳು. ದೆಹಲಿಯಲ್ಲೇ ಬೆಳೆದ ಅವಳದು ಅರ್ಧ ಕನ್ನಡ, ಅರ್ಧ ಹಿಂದಿ. "ಅಪ್ಪಾ, ಟೆನ್ಷನ್ ಮತ್ ಲೋ. ನಾನು ನೋಡೋ ಕಾಮೆಡಿ ಶೋಲಿ ಅಲ್ಲಿ ಯಾರೂ ಕೆಲಸಕ್ಕೇ ಹೋಗಲ್ಲ. ಪೂರಾ ದಿನ ಸೋಫಾ ಮೇಲೆ ಕೂತು ಜೋಕ್ ಮಾಡ್ತಾರೆ, ಅಷ್ಟೇ. ನಿಮ್ಮ ಟ್ರೇನಿಂಗ್ ಕೂಡ ವೈಸಾ ಹೀ, ಹಾಗೇ ಇರುತ್ತೆ."

ಎಷ್ಟು ಗೋಗರೆದ ಮೇಲೂ ಲೀಲಾವತಿ ಒಂದೇ ಮಾತು ಹೇಳಿದರು: ಪಾಸ್‌ಪೋರ್ಟ್ ಈ ಮನೆಯಲ್ಲಿಲ್ಲ, ಎದುರು ಫ್ಲಾಟಿನ ಸುಶೀಲಮ್ಮನವರ ಹತ್ತಿರ ಇದೆ. ದಕ್ಷಿಣಾಮೂರ್ತಿ ಆಫೀಸಿಗೆ ಫೋನು ಮಾಡಿ ಅರ್ಧ ದಿನ ರಜೆ ಹೇಳಿ ಎದುರು ಬಾಗಿಲು ಬಡಿದರು. ಆಫೀಸಿನಲ್ಲಿ ಫೋನೆತ್ತಿದ್ದವನು ಯೋಗೀಶ. "ಹುಷಾರಿಲ್ವಾ ಸಾರ್?" ಎಂದು ಅವನು ಆಸೆಯಿಂದ ಕೇಳಿದ್ದ.

ಸುಶೀಲಮ್ಮ ಹಾಸನದ ಕಡೆಯವರು, ಎಪ್ಪತ್ತಾರು ವರ್ಷ. ಮಗ ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವರಿಗೆ ಇಬ್ಬರೇ ಜೊತೆ. ಒಬ್ಬ ಗೋಡೆಯ ಮೇಲಿನ ಆಂಜನೇಯ, ಇನ್ನೊಂದು ಟಿವಿಯ ಅಮೆರಿಕನ್ ಕುಸ್ತಿ. ಆಂಜನೇಯ ಕುಸ್ತಿಯವರ ದೇವರಾದ್ದರಿಂದ ಎರಡಕ್ಕೂ ಅವರ ಮನಸ್ಸಿನಲ್ಲಿ ನಂಟು ಬೆಳೆದುಬಿಟ್ಟಿತ್ತು. ಪಾಸ್‌ಪೋರ್ಟು ಆ ಪಟದ ಮುಂದೆ, ಮಂಗಳವಾರದ ಬಾಳೆಹಣ್ಣಿನ ತಟ್ಟೆಯ ಪಕ್ಕ ಕಾಣಿಸುತ್ತಿತ್ತು.

"ಕೊಡಿ ಸುಶೀಲಮ್ಮನವರೇ, ಮೂರು ಗಂಟೆಗೆ ಒಪ್ಪಿಸಬೇಕು."

"ಲೀಲಾ ಹೇಳದೆ ಕೊಡೋ ಹಾಗಿಲ್ಲ ದಕ್ಷಿಣಾಮೂರ್ತಿಗಳೇ. ಕೂತ್ಕೊಳಿ. ಇದನ್ನ ನೋಡಿ, ಆಮೇಲೂ ಹೋಗ್ತೀನಿ ಅಂದ್ರೆ ಹೋಗಿ."

ಪರದೆಯ ಮೇಲೆ ಚಡ್ಡಿ ತೊಟ್ಟ ದೈತ್ಯನೊಬ್ಬ ಇನ್ನೊಬ್ಬನ ಬೆನ್ನಿಗೆ ಕಬ್ಬಿಣದ ಕುರ್ಚಿ ಬೀಸಿದ. ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ನೋಡಿದ್ರಾ? ಕುರ್ಚಿ. ಕೂರೋ ಕುರ್ಚಿ. ಒಬ್ಬ ಪೊಲೀಸಿನವನು ಬಂದನಾ? ಬರಲ್ಲ. ನಾನು ಒಂದು ವರ್ಷದಿಂದ ನೋಡ್ತಿದೀನಿ, ಒಂದು ದಿನವೂ ಬಂದಿಲ್ಲ. ನೀವೋ ಐವತ್ತು ಕೆಜಿ."

"ಅದು ನಾಟಕ. ಮೊದಲೇ ಮಾತಾಡಿಕೊಂಡು ಹೊಡೀತಾರೆ."

"ರಕ್ತ ಕೂಡ ಮಾತಾಡಿಕೊಂಡು ಬರುತ್ತಾ?" ಎಂದರು ಸುಶೀಲಮ್ಮ.

ಸದ್ದು ಕೇಳಿ ಮೇಲಿನ ಮನೆಯ ಖುರಾನಾ ಸಾಹೇಬರು ಇಳಿದು ಬಂದರು. ಬ್ಯಾಂಕಿನಿಂದ ನಿವೃತ್ತರಾದ ಅವರು ಈಗ ಪೂರ್ತಿ ಹೊತ್ತು ಅಮೆರಿಕದ ಪತ್ತೇದಾರಿ ಧಾರಾವಾಹಿಗಳ ಸೇವೆಯಲ್ಲಿದ್ದರು. ವಿಷಯ ತಿಳಿದು ದಕ್ಷಿಣಾಮೂರ್ತಿಯ ಹೆಗಲ ಮೇಲೆ ಕೈ ಇಟ್ಟು ಹಿಂದಿಯಲ್ಲಿ ಹೇಳಿದರು: "ಮೂರ್ತೀಜೀ, ಹೋಗಿ, ಆದರೆ ಕಸದ ತೊಟ್ಟಿ ಹತ್ತಿರ ಹೋಗಬೇಡಿ. ವಾರಕ್ಕೆ ಒಂದು ಹೆಣ ಗ್ಯಾರಂಟಿ. ಹೆಣ ಮೊದಲು ನೋಡಿದವನನ್ನೇ ಹಿಡೀತಾರೆ. ಒಂದು ಕೂದಲು ಬಿದ್ದಿದ್ದರೂ ಸಾಕು."

"ನನಗೆ ಕೂದಲೇ ಇಲ್ಲ ಖುರಾನಾ ಸಾಹೇಬ್" ಎಂದು ದಕ್ಷಿಣಾಮೂರ್ತಿ ತಲೆ ಮುಟ್ಟಿ ತೋರಿಸಿದರು. ಅವರಿಗೆ ಅಳು ಬರುವುದೊಂದು ಬಾಕಿ ಇತ್ತು.

ಗಂಟೆ ಹನ್ನೊಂದಾಯಿತು. ಆಗ ಅವರಿಗೆ ಅನಂತಮೂರ್ತಿ ಪ್ರೊಫೆಸರರ ನೆನಪಾಯಿತು. ಪಕ್ಕದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳುವ, ಕನ್ನಡ ಸಂಘದಲ್ಲಿ ಪರಿಚಯವಾದ ಮನುಷ್ಯ. ಆರು ವರ್ಷ ಅಯೋವಾದಲ್ಲೇ ಇದ್ದು ಬಂದವರು. ದಕ್ಷಿಣಾಮೂರ್ತಿ ಆಟೋ ಹಿಡಿದು ಹೋಗಿ, ಪಾಠ ಮುಗಿಸಿ ಹೊರಗೆ ಬರುತ್ತಿದ್ದ ಪ್ರೊಫೆಸರರನ್ನು ಅದೇ ಆಟೋದಲ್ಲಿ ಹಾಕಿಕೊಂಡು ಬಂದರು. ದಾರಿಯುದ್ದಕ್ಕೂ, "ಇದ್ದದ್ದನ್ನ ಇದ್ದ ಹಾಗೆ ಹೇಳಿ ಸಾರ್, ಅಷ್ಟು ಸಾಕು" ಎಂದು ಬೇಡಿಕೊಂಡರು.

ದಕ್ಷಿಣಾಮೂರ್ತಿಯ ಹಜಾರದಲ್ಲಿ ಸಭೆ ಸೇರಿತು. ಪ್ರೊಫೆಸರರು ಕಾಫಿ ಕುಡಿದು ಶುರು ಮಾಡಿದರು. ಅಯೋವಾದಲ್ಲಿ ಜೋಳದ ಹೊಲ ಇದೆ. ಅದು ಮುಗಿದ ಮೇಲೆ ಇನ್ನೊಂದು ಜೋಳದ ಹೊಲ ಇದೆ. ರಾತ್ರಿ ಒಂಬತ್ತಕ್ಕೆ ಜನ ಮಲಗುತ್ತಾರೆ. ಶನಿವಾರ ಮನೆ ಮುಂದಿನ ಹುಲ್ಲು ಕತ್ತರಿಸುತ್ತಾರೆ. ಭಾನುವಾರ ಚರ್ಚಿಗೆ ಹೋಗುತ್ತಾರೆ, ಹವಾಮಾನದ ಬಗ್ಗೆ ಮಾತಾಡುತ್ತಾರೆ.

"ಕೊಲೆ?" ಖುರಾನಾ ಕೇಳಿದರು.

"ಆರು ವರ್ಷದಲ್ಲಿ ನಮ್ಮ ಊರಲ್ಲಿ ಒಂದು ಸೈಕಲ್ ಕಳುವಾಯ್ತು. ಆಮೇಲೆ ಸಿಕ್ತು."

"ಕುಸ್ತಿ?" ಎಂದರು ಸುಶೀಲಮ್ಮ.

"ನಾನು ನೋಡಲಿಲ್ಲಮ್ಮ."

ಸುಶೀಲಮ್ಮ ಖುರಾನಾ ಕಡೆ ತಿರುಗಿ, "ಪಾಪ, ಇವರು ಕೋಣೆ ಬಿಟ್ಟು ಹೊರಗೇ ಹೋಗಿಲ್ಲ ಅನ್ಸುತ್ತೆ" ಎಂದು ತಮಗೆ ಬರುವಷ್ಟು ಹಿಂದಿಯಲ್ಲಿ ಹೇಳಿದರು. ಖುರಾನಾ ಹೌದೆಂದು ತಲೆಯಾಡಿಸಿದರು.

ಪ್ರೊಫೆಸರರಿಗೆ ಕೊಂಚ ಕೋಪ ಬಂತು. "ನೋಡಿ, ಅಲ್ಲೂ ಹೀಗೇ. ನಮ್ಮ ಪಕ್ಕದ ಮನೆ ಅಜ್ಜಿ ಟಿವಿ ನೋಡಿ ಕೇಳಿದ್ರು, ದೆಹಲಿಲಿ ಕೋತಿಗಳು ಸರ್ಕಾರಿ ಆಫೀಸಿಗೆ ಬಂದು ಕಾಗದ ಪತ್ರ ಎತ್ತಿಕೊಂಡು ಹೋಗ್ತವಂತೆ, ಹೌದಾ ಅಂತ. ನಾನಂದೆ, ಯಾವತ್ತೋ ಒಂದು ಸಲ ಆಗೋದನ್ನ ಟಿವಿಯವರು ದಿನಾ ಆಗೋ ಹಾಗೆ ತೋರಿಸ್ತಾರೆ ಅಜ್ಜಿ, ನಂಬಬೇಡಿ ಅಂತ."

ದಕ್ಷಿಣಾಮೂರ್ತಿ ಕುರ್ಚಿಯಿಂದ ಎದ್ದೇ ನಿಂತರು. "ಕೇಳಿಸ್ಕೊಂಡ್ಯಾ ಲೀಲಾ? ಮೂವತ್ತು ವರ್ಷ ಸರ್ವಿಸ್. ನನ್ನ ಒಂದು ಕಾಗದ ಕೋತಿ ಮುಟ್ಟಿದೆಯಾ? ಆ ಅಜ್ಜಿಗೂ ನಿನಗೂ ಏನು ವ್ಯತ್ಯಾಸ ಹೇಳು."

ಲೀಲಾವತಿ ಪ್ರೊಫೆಸರರ ಕಡೆ ತಿರುಗಿದರು. ಅವರು ಬೇರೇನೋ ಯೋಚಿಸುತ್ತಿದ್ದರು. "ಪ್ರೊಫೆಸರ್ರೇ, ಅಲ್ಲಿ ಮನೆಕೆಲಸದವಳು ಬರಲ್ವಾ?"

"ಇಲ್ಲಮ್ಮ. ಎಲ್ಲ ಗಂಡ ಹೆಂಡತಿ ಹಂಚಿಕೊಂಡು ಮಾಡ್ತಾರೆ. ಪಾತ್ರೆ ಹೆಚ್ಚಾಗಿ ಗಂಡಸರೇ. ನಾನೂ ಅಲ್ಲೇ ಕಲಿತದ್ದು."

ಲೀಲಾವತಿಯ ಮುಖದಲ್ಲಿ ಒಂದು ತಿಂಗಳಿಂದ ಕಾಣದ ಬೆಳಕು ಬಂತು. "ಹಾಗಾದ್ರೆ ಹೋಗಿ ಬನ್ನಿ. ಬಂದ ದಿನದಿಂದ ಪಾತ್ರೆ ನಿಮ್ಮದು."

"ಆಯ್ತು" ಎಂದರು ದಕ್ಷಿಣಾಮೂರ್ತಿ. ಆ ಗಳಿಗೆಯಲ್ಲಿ ಹೆಂಡತಿ ಏನು ಕೇಳಿದ್ದರೂ ಅವರು ಆಯ್ತು ಎನ್ನುತ್ತಿದ್ದರು. ಗಂಟೆ ಎರಡಾಗುತ್ತಾ ಬಂದಿತ್ತು.

ಸುಶೀಲಮ್ಮ ಪಾಸ್‌ಪೋರ್ಟಿಗೆ ಕುಂಕುಮ ಹಚ್ಚಿ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು. ಜೊತೆಗೆ ತಟ್ಟೆಯಲ್ಲಿದ್ದ ಎರಡು ಬಾಳೆಹಣ್ಣು. "ಆಂಜನೇಯನ ಪ್ರಸಾದ. ದಾರಿಲಿ ತಿನ್ನಬೇಡಿ. ಪಾಸ್‌ಪೋರ್ಟ್ ಕೊಟ್ಟ ಮೇಲೆ ತಿನ್ನಿ" ಎಂದು ತಾಕೀತು ಮಾಡಿದರು. ತಕರಾರು ಮಾಡಲು ದಕ್ಷಿಣಾಮೂರ್ತಿಗೆ ಪುರುಸೊತ್ತಿರಲಿಲ್ಲ.

ಆಟೋದವನಿಗೆ ಭಯ್ಯಾ, ಭಯ್ಯಾ ಎಂದು ಪ್ರತಿ ಸಿಗ್ನಲ್ಲಿನಲ್ಲೂ ಕೈಮುಗಿದು ಸಚಿವಾಲಯದ ಭವನದ ಗೇಟು ಮುಟ್ಟಿದಾಗ ಎರಡು ಗಂಟೆ ನಲವತ್ತು ನಿಮಿಷ. ಯಾವುದೋ ಮಂತ್ರಿಗಾಗಿ ಕಾಯುತ್ತಿದ್ದ ಹಿಂದಿ ಸುದ್ದಿವಾಹಿನಿಯವರು ಕ್ಯಾಮೆರಾ ನಿಲ್ಲಿಸಿಕೊಂಡು ಆಕಳಿಸುತ್ತಿದ್ದರು. ಕೋತಿಗಳನ್ನು ಹೆದರಿಸಲು ದಿನವೂ ಲಂಗೂರ್ ಎಂಬ ಕರಿಮೂತಿಯ ದೊಡ್ಡ ಕೋತಿಯನ್ನು ಹಿಡಿದು ನಿಲ್ಲುತ್ತಿದ್ದವನು ಅಂದು ಇರಲಿಲ್ಲ. ಮಂಗಳವಾರ ಅವನು ಹನುಮಾನ್ ಮಂದಿರಕ್ಕೆ ಹೋಗುತ್ತಿದ್ದ.

ಗೇಟಿನಿಂದ ಮೆಟ್ಟಿಲಿಗೆ ಐವತ್ತು ಹೆಜ್ಜೆ. ಮೂವತ್ತನೆಯದರಲ್ಲಿ ಬೇವಿನ ಮರದಿಂದ ಧೊಪ್ಪನೆ ಒಂದು ಗಡವ ಕೋತಿ ಇಳಿಯಿತು. ದಕ್ಷಿಣಾಮೂರ್ತಿಯ ಮುಖವನ್ನೂ ಚೀಲವನ್ನೂ ಒಂದೊಂದು ಸಲ ನೋಡಿ, ಚೀಲ ಕಿತ್ತುಕೊಂಡು ಮರ ಹತ್ತಿತು.

"ಏ, ಕೊಡೋ, ನನ್ನಪ್ಪಾ, ಹಣ್ಣು ತಿನ್ಕೊ, ಅದೊಂದು ಕೊಡೋ" ಎಂದು ದಕ್ಷಿಣಾಮೂರ್ತಿ ಮರದ ಸುತ್ತ ಓಡಿದರು. ಒಂದು ಕಾಲಿನ ಚಪ್ಪಲಿ ಅತ್ತ ಹೋಯಿತು, ಕನ್ನಡಕ ಇತ್ತ. ಕೋತಿ ನಿಧಾನವಾಗಿ ಎರಡೂ ಹಣ್ಣು ತಿಂದಿತು. ಆಮೇಲೆ ಪಾಸ್‌ಪೋರ್ಟ್ ಬಿಡಿಸಿ, ವಿಮಾನ ನಿಲ್ದಾಣದ ಅಧಿಕಾರಿಯ ಹಾಗೆ ಫೋಟೋ ನೋಡಿತು, ಕೆಳಗೆ ಇವರನ್ನು ನೋಡಿತು, ಹಾಳೆ ಹರಿಯತೊಡಗಿತು. ಕೊನೆಗೆ ಕೆಳಗೆ ಬಿದ್ದದ್ದು ಬರೀ ರಟ್ಟು.

ಮೂರಕ್ಕೆ ಐದು ನಿಮಿಷವಿದ್ದಾಗ ಅವರು ಆ ರಟ್ಟನ್ನು ಭಟ್ನಾಗರ್ ಸಾಹೇಬರ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದರು. ಸಾಹೇಬರು ರಟ್ಟನ್ನು ತಿರುವಿ ನೋಡಿದರು.

"ಅಮೆರಿಕದವರಿಗೆ ಕೋತಿ ಅಂತ ಬರೆಯಲಾ? ಅವರು ಮೊದಲೇ ಟಿವಿ ನೋಡಿ ನಮ್ಮನ್ನ ಹೀಗೇ ಅಂದುಕೊಂಡಿದ್ದಾರೆ. ದೇಶದ ಮರ್ಯಾದೆ ಏನಾಗಬೇಕು?"

"ಆದರೆ ಸರ್, ಅದೇ ನಿಜ."

"ನಿಜ ಆದ್ದರಿಂದಲೇ ಬರೆಯೋ ಹಾಗಿಲ್ಲ. ಬೇರೆ ಏನಾದರೂ ಗೌರವದ ಕಾರಣ ಹೇಳಿ. ಮನೆಯಲ್ಲಿ ಏನಾದರೂ ತೊಂದರೆ ಇತ್ತಾ?"

ಬೆಳಿಗ್ಗೆಯಿಂದ ಬೆಂದಿದ್ದ ದಕ್ಷಿಣಾಮೂರ್ತಿ ಬಾಯಿ ತಪ್ಪಿ, "ಹೆಂಡತಿ ಸ್ವಲ್ಪ ಬೇಡ ಅಂದಿದ್ದಳು" ಎಂದುಬಿಟ್ಟರು. ಸಾಹೇಬರು ತಕ್ಷಣ ಹೇಳಿ ಬರೆಸಿದರು: ಪತ್ನಿಯ ತೀವ್ರ ವಿರೋಧವಿರುವುದರಿಂದ ಅಧಿಕಾರಿಯು ತರಬೇತಿಗೆ ಹೋಗಲು ಒಪ್ಪಿಲ್ಲ. ದಕ್ಷಿಣಾಮೂರ್ತಿ ಸಹಿ ಹಾಕಿದರು. ಬಾಗಿಲ ಹೊರಗೆ ಯೋಗೀಶ ನಿಂತಿದ್ದ. "ಸಾರ್, ಅಯೋವಾದಲ್ಲಿ ಈಗ ಚಳಿನಾ?" ಎಂದು ಕೇಳಿದ. ಇವರು ಒಂದೇ ಚಪ್ಪಲಿಯಲ್ಲಿ ಇನ್ನೊಂದನ್ನು ಹುಡುಕಲು ಹೋದರು.

ಸಂಜೆ ಆರಕ್ಕೆ ಮನೆಗೆ ಬಂದಾಗ ಲೀಲಾವತಿ, ಸುಶೀಲಮ್ಮ, ಖುರಾನಾ ಮೂವರೂ ಹಜಾರದಲ್ಲಿ ಕಾದಿದ್ದರು. ಕೋತಿ ಎಂದು ಹೇಳಲು ನಾಚಿಕೆ, ಸಹಿಯ ವಿಷಯ ಹೇಳಲು ಹೆದರಿಕೆ. "ಸರ್ಕಾರವೇ ಪ್ರವಾಸ ರದ್ದು ಮಾಡಿತು" ಎಂದು ಹೇಳಿ ದಕ್ಷಿಣಾಮೂರ್ತಿ ಸೋಫಾ ಮೇಲೆ ಕುಸಿದರು. ಲೀಲಾವತಿ ಪಕ್ಕದಲ್ಲಿ ಬಂದು ಕೂತರು. "ಹೋಗ್ಲಿ ಬಿಡಿ. ನಾನು ಅಡ್ಡ ಬಂದದ್ದಕ್ಕೇ ಹೀಗಾಯ್ತೇನೋ" ಎಂದು ಅವರ ಕೈ ಹಿಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಹೀಗೆ ನಾಲ್ಕು ಜನರ ಮುಂದೆ ಕೈ ಹಿಡಿದದ್ದು ಅದೇ ಮೊದಲು.

ಅಷ್ಟರಲ್ಲಿ ಅನನ್ಯಾ ಒಳಕೋಣೆಯ ಟಿವಿಯ ಮುಂದಿನಿಂದ ಕೂಗಿದಳು. "ಅಪ್ಪಾ, ಆಪ್ ಟಿವಿ ಪೇ ಹೋ! ಟಿವಿಲಿ ನೀವು!"

ಎಲ್ಲರೂ ಓಡಿದರು, ಲೀಲಾವತಿ ಗಂಡನ ಕೈ ಹಿಡಿದೇ. ಹಿಂದಿ ಸುದ್ದಿಯಲ್ಲಿ ಬೇವಿನ ಮರ, ಗಡವ, ಕೆಳಗೆ ಒಂದು ಚಪ್ಪಲಿಯಲ್ಲಿ ಕೈಮುಗಿದು ಸುತ್ತುತ್ತಿದ್ದ ದಕ್ಷಿಣಾಮೂರ್ತಿ. ಅದನ್ನೇ ಹಿಂದೆ ಮುಂದೆ ತಿರುಗಿಸಿ ತಿರುಗಿಸಿ, ಕೆಳಗೆ ದೊಡ್ಡಕ್ಷರ ಹಾಕಿ, ಡೋಲಿನ ಸಂಗೀತ ಸೇರಿಸಿ ತೋರಿಸುತ್ತಿದ್ದರು. ವಿದೇಶದ ಎರಡು ಚಾನೆಲ್‌ಗಳು ಈ ದೃಶ್ಯ ಕೇಳಿವೆ ಎಂದು ನಿರೂಪಕಿ ಹೆಮ್ಮೆಯಿಂದ ಹೇಳಿದಳು. ಸುಶೀಲಮ್ಮ ಪರದೆಗೆ ಕೈಮುಗಿದು, "ಸಾಕ್ಷಾತ್ ಅವನೇ ಬಂದು ತಡೆದ" ಎಂದರು.

ಫೋನು ರಿಂಗಾಯಿತು. ಅನನ್ಯಾ ಎತ್ತಿದಳು, ಕೇಳಿದ್ದನ್ನು ಕೇಳಿದ ಹಾಗೇ ಮನೆಗೆಲ್ಲ ಹೇಳುತ್ತಾ ಹೋದಳು. "ಅಪ್ಪಾ, ಭಟ್ನಾಗರ್ ಸರ್. ದೊಡ್ಡ ಸಾಹೇಬ್ರು ಟಿವಿ ನೋಡಿದ್ರಂತೆ. ಕೋತಿ ವಿಷಯ ಮುಚ್ಚಿಟ್ಟು, ಅಮ್ಮನ ತೀವ್ರ ವಿರೋಧ ಅಂತ ಸುಳ್ಳು ಯಾಕೆ ಬರೆದ್ರಿ ಅಂತ ನಾಳೆ ಹತ್ತು ಗಂಟೆಗೆ ಲಿಖಿತ ಉತ್ತರ ಕೊಡ್ಬೇಕಂತೆ."

"ಬರೆಸಿದ್ದು ಅವರೇ ಕಣೇ" ಎಂದರು ದಕ್ಷಿಣಾಮೂರ್ತಿ.

ಲೀಲಾವತಿ ಹಿಡಿದಿದ್ದ ಕೈ ಬಿಟ್ಟರು. ಅಡುಗೆಮನೆಗೆ ಹೋಗಿ ಪಾತ್ರೆ ಉಜ್ಜುವ ನಾರು ತಂದು ಗಂಡನ ಅಂಗೈಯಲ್ಲಿಟ್ಟರು.

"ಅಮೆರಿಕಕ್ಕೆ ಹೋಗಿ ಬಂದ ಮೇಲೆ ಅಂತ ಅಲ್ವಾ ಮಾತಾಗಿದ್ದು?" ಎಂದರು ದಕ್ಷಿಣಾಮೂರ್ತಿ.

"ಟಿವಿಲಿ ತೋರಿಸೋದೆಲ್ಲ ಸುಳ್ಳು ಅಂತ ಬೆಳಿಗ್ಗೆಯಿಂದ ಬಡ್ಕೊಂಡ್ರಿ" ಎಂದರು ಲೀಲಾವತಿ. "ಇವತ್ತು ಈ ಮನೇಲಿ ನಿಜ ಹೇಳಿದ್ದು ಟಿವಿ ಒಂದೇ."